ಮಗಳಿಗೊಂದು ಪತ್ರ: ನೂರು ಜನರ ಲೆಕ್ಕ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪ್ರಾಜೆಕ್ಟ್ ವರದಿಯನ್ನು ಎರಡು ಸಲ ಓದಿದೆ. ಜಾಲತಾಣಗಳಲ್ಲಿ ಅಭಿಪ್ರಾಯ ಹರಡುವ ಬಗೆಗೆ ನೀನು ಸಾಂಕ್ರಾಮಿಕ ರೋಗದ ಸಮೀಕರಣಗಳನ್ನು ಅಳವಡಿಸಿದ್ದೀಯೆ. 1964ರಲ್ಲಿ ಗಾಳಿಸುದ್ದಿಗೆ ಗಣಿತದ ಮಾದರಿ ಕಟ್ಟಿದ ಡೇಲಿ ಮತ್ತು ಕೆಂಡಾಲ್ ಆ ಹೋಲಿಕೆಯಲ್ಲೇ ಒಂದು ವ್ಯತ್ಯಾಸವನ್ನು ಗುರುತಿಸಿದ್ದರು: ರೋಗಿ ಕಾಲ ಕಳೆದಂತೆ ತಾನೇ ಗುಣವಾಗುತ್ತಾನೆ, ಸುದ್ದಿ ಹೇಳುವವನಾದರೋ ಅದು ಆಗಲೇ ಗೊತ್ತಿರುವವರು ಎದುರಾದಾಗ ಸುಮ್ಮನಾಗುತ್ತಾನೆ. ಅದನ್ನು ಸೇರಿಸಿಕೊಳ್ಳುವುದು ನಿನಗೆ ಕಷ್ಟವಾಗಲಾರದು.

ನನಗೆ ಒಪ್ಪಿಗೆಯಾಗದ್ದು ಅಭಿಪ್ರಾಯ ತಗಲುವುದಕ್ಕೆ ನೀನು ಎಲ್ಲರಿಗೂ ಒಂದೇ ಸಂಭವನೀಯತೆಯನ್ನು ಕೊಟ್ಟಿರುವುದು. 1978ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ ಹೂಡಿದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡು. ನೂರು ಜನರ ಗುಂಪಿನಲ್ಲಿ ಮೊದಲನೆಯವನು ಯಾರನ್ನೂ ಕಾಯದೆ ಕಲ್ಲೆಸೆಯುತ್ತಾನೆ, ಎರಡನೆಯವನಿಗೆ ಒಬ್ಬ ಎಸೆದದ್ದು ಕಂಡರೆ ಸಾಕು, ಮೂರನೆಯವನಿಗೆ ಇಬ್ಬರು ಬೇಕು, ಹೀಗೇ ಕೊನೆಯವನಿಗೆ ತೊಂಬತ್ತೊಂಬತ್ತು ಜನ ಬೇಕು. ಒಬ್ಬೊಬ್ಬನಿಗೆ ಬೇಕಾದ ಈ ಸಂಖ್ಯೆಯೇ ಅವನ ಹೊಸ್ತಿಲು. ನೂರೂ ಮಂದಿ ಗಲಭೆಗಿಳಿಯುತ್ತಾರೆ. ಈಗ ಎರಡನೆಯವನನ್ನು ತುಸು ಅಳುಕಿನವನನ್ನಾಗಿ ಮಾಡಿ, ಅವನಿಗೂ ಇಬ್ಬರು ಬೇಕೆಂದು ತಿದ್ದು. ಗಲಭೆ ಒಬ್ಬನಲ್ಲೇ ನಿಂತಿತು. ಹೊಸ್ತಿಲುಗಳ ಸರಾಸರಿಯಲ್ಲಿ ಆದ ವ್ಯತ್ಯಾಸ 0.01 ಮಾತ್ರ.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯಲಿದೆಯೆಂಬ ಗಾಳಿಸುದ್ದಿ ಹಬ್ಬಿ, ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದ್ದು ನಿನಗೆ ನೆನಪಿರಲಾರದು. ನಮ್ಮ ಬೀದಿಯ ಕಟ್ಟಡವೊಂದನ್ನು ಕಾಯುತ್ತಿದ್ದ ಅಸ್ಸಾಮಿನ ಹುಡುಗ ಎರಡು ದಿನ ಆ ಎಸ್ಸೆಮ್ಮೆಸ್ ಅನ್ನು ನನಗೆ ತೋರಿಸಿ ನಕ್ಕಿದ್ದ. ಮೂರನೆಯ ದಿನ ಬಾಕಿ ಸಂಬಳವನ್ನೂ ಕೇಳದೆ ಹೊರಟುಬಿಟ್ಟ. ಸಂದೇಶವನ್ನು ಅವನು ನಂಬಿದ್ದನೋ ಇಲ್ಲವೋ ತಿಳಿಯದು, ಕೋಣೆಯಲ್ಲಿ ಜೊತೆಗಾರರ ಮೂರು ಚಾಪೆಗಳನ್ನು ಸುತ್ತಿಟ್ಟದ್ದಂತೂ ಅವನಿಗೆ ಕಂಡಿತ್ತು.

2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದಕ್ಕೆ ಐದು ಚಾಟ್‌ಗಳ ಮಿತಿಯನ್ನು ಹಾಕಿತೆಂದು ಬರೆದು, ನೀನು ಸಂಪರ್ಕಸಂಖ್ಯೆಯನ್ನು, ಅಂದರೆ ಒಬ್ಬನಿಂದ ಸುದ್ದಿ ತಲುಪುವವರ ಎಣಿಕೆಯನ್ನು, ಐದಕ್ಕೆ ಇಳಿಸಿದ್ದೀಯೆ. ಆಗ ಒಂದು ಗುಂಪಿನಲ್ಲಿ 256 ಜನರಿಗೆ ಅವಕಾಶವಿತ್ತು. ಐದು ಗುಂಪುಗಳೆಂದರೆ ಕಳುಹಿಸಿದವನನ್ನು ಬಿಟ್ಟು 1,275 ಮಂದಿ. ಆದರೆ ಅಷ್ಟೂ ಜನ ಬೇರೆ ಬೇರೆಯವರಲ್ಲ. ನಿನ್ನ ಸೋದರತ್ತೆ ನಮ್ಮ ಮೂರು ಗುಂಪುಗಳಲ್ಲೂ ಇದ್ದಾಳೆ, ಒಬ್ಬನೇ ಕಳುಹಿಸಿದ್ದು ಮೂರು ಕಡೆ ಕಂಡರೆ ಮೂವರು ಹೇಳಿದರೆಂದೇ ಅವಳ ಲೆಕ್ಕ. ನಿನ್ನ ಮಾದರಿಯಲ್ಲಿ ಅವಳನ್ನು ಎಲ್ಲಿ ಕೂರಿಸುತ್ತೀಯೆ?

ಹೊಸ್ತಿಲ ಸಂಖ್ಯೆಗಳನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚಿ ಮತ್ತೊಮ್ಮೆ ಓಡಿಸಿ, ಬಂದದ್ದನ್ನು ದಸರಾ ರಜೆಗೆ ಬರುವಾಗ ತೆಗೆದುಕೊಂಡು ಬಾ.

ಇಂತಿ,
ನಿನ್ನ ಅಪ್ಪ