ನಿಲ್ದಾಣದಲ್ಲಿ ನಿಂತವರ ಲೆಕ್ಕವನ್ನೂ ಬರೆಯಿರಿ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ. ನಾನು ದಿನಾ ಬಸ್ಸಿನಲ್ಲಿ ಓಡಾಡುವವಳು. ಎಷ್ಟು ಬಸ್ಸು ರಸ್ತೆಗಿಳಿದವು, ಎಷ್ಟು ಕಿಲೋಮೀಟರ್ ಓಡಿದವು ಎಂಬುದು ನಿಮ್ಮ ಮೇಜಿಗೆ ಬರುತ್ತದೆ. ನಾವು ಎಷ್ಟು ಹೊತ್ತು ಕಾದೆವು ಎಂಬುದೂ ಬರಬೇಕು ಎಂದು ಕೇಳಲು ಈ ಪತ್ರ.

10 ನಿಮಿಷಕ್ಕೊಂದು ಬಸ್ಸು ತಪ್ಪದೆ ಬಂದರೆ, ವೇಳಾಪಟ್ಟಿ ನೋಡದೆ ಬಂದು ನಿಂತವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಬಸ್ಸುಗಳು ಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ ಕಾಯುವುದು 10 ನಿಮಿಷ. ಡಿಪೊ ಲೆಕ್ಕದಲ್ಲಿ ಒಂದು ಟ್ರಿಪ್ಪೂ ತಪ್ಪಿರುವುದಿಲ್ಲ. ಹಾಗೆ ಬಂದ ಜೋಡಿಯಲ್ಲಿ ಮುಂದಿನ ಬಸ್ಸು ಕಾದವರನ್ನೆಲ್ಲ ತುಂಬಿಕೊಂಡು ಇನ್ನಷ್ಟು ತಡವಾಗುತ್ತದೆ, ಹಿಂದಿನದು ಖಾಲಿ ಬರುತ್ತದೆ. ಒಂದರಲ್ಲಿ 80, ಇನ್ನೊಂದರಲ್ಲಿ 20 ಜನ ಇದ್ದರೆ ಬಸ್ಸಿಗೆ ಸರಾಸರಿ 50 ಎಂದು ಬರೆದುಕೊಳ್ಳುತ್ತಾರೆ. ಆದರೆ ಆ 100 ಜನರನ್ನೂ ‘ನಿಮ್ಮ ಬಸ್ಸಿನಲ್ಲಿ ಎಷ್ಟು ಮಂದಿ ಇದ್ದರು’ ಎಂದು ಕೇಳಿದರೆ 80 ಜನ 80 ಎನ್ನುತ್ತಾರೆ, 20 ಜನ 20 ಎನ್ನುತ್ತಾರೆ; ಸರಾಸರಿ ತೆಗೆದರೆ 68 ಬರುತ್ತದೆ. ನಮ್ಮ ಮೈಕೈಗೆ ಗೊತ್ತಿರುವುದು ಈ 68.

ಇದು ಅಳೆಯಲಾಗದ ಸಂಗತಿಯಲ್ಲ. ಲಂಡನ್ನಿನಲ್ಲಿ ಬಸ್ಸುಗಳು ಬೇಗಬೇಗ ಬರುವ ಮಾರ್ಗಗಳಲ್ಲಿ ಪ್ರಯಾಣಿಕರು ಹೆಚ್ಚುವರಿಯಾಗಿ ಕಾದ ನಿಮಿಷಗಳನ್ನೇ ಎಣಿಸುತ್ತಾರೆ. 2002ರ ಯುರೋಪಿನ ಮಾನದಂಡವೊಂದು, ಪ್ರಯಾಣಿಕರು ಬಯಸಿದ ಸೇವೆ, ಸಂಸ್ಥೆ ಇಟ್ಟುಕೊಂಡ ಗುರಿ, ನಿಜಕ್ಕೂ ಕೊಟ್ಟದ್ದು, ಪ್ರಯಾಣಿಕರ ಅನುಭವಕ್ಕೆ ಬಂದದ್ದು ಎಂದು ಗುಣಮಟ್ಟವನ್ನು ನಾಲ್ಕು ಕಡೆಯಿಂದ ನೋಡುತ್ತದೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ಅಂತರ ನಿಮಗೆ ಗೊತ್ತಾಗಬೇಕಾದರೆ ನಮ್ಮನ್ನೇ ಕೇಳಬೇಕು.

ಕೇಳುವ ಜಾಗವೂ ಮುಖ್ಯ. ಒಮ್ಮೆ ಬಸ್ಸಿನೊಳಗೆ ಸಮೀಕ್ಷೆಯವರು ಬಂದಿದ್ದರು. ಅರ್ಧ ಗಂಟೆ ಕಾದು ಕೊನೆಗೂ ಸೀಟು ಸಿಕ್ಕಿತ್ತು; ಆ ನಿರಾಳದಲ್ಲಿ ‘ಚೆನ್ನಾಗಿದೆ’ ಎಂದುಬಿಟ್ಟೆ. ನನ್ನ ಜೊತೆ ಕಾದು, ಹತ್ತಲಾಗದೆ ಕೆಳಗೇ ಉಳಿದವರನ್ನು ಯಾರೂ ಕೇಳಲಿಲ್ಲ. ಮೆಟ್ಟಿಲು ಎತ್ತರವೆಂದು ಹೊರಗೆ ಹೋಗುವುದನ್ನೇ ಬಿಟ್ಟ ಹಿರಿಯರು, ಗಾಲಿಕುರ್ಚಿಯವರು, ಕತ್ತಲಾದ ಮೇಲೆ ನಿಲ್ದಾಣದಲ್ಲಿ ಒಬ್ಬರೇ ನಿಲ್ಲಲು ಅಂಜುವ ಹೆಣ್ಣುಮಕ್ಕಳು, ಬೇಸತ್ತು ಸಾಲ ಮಾಡಿ ಸ್ಕೂಟರ್ ಕೊಂಡವರು, ಇವರಾರೂ ಬಸ್ಸಿನೊಳಗೆ ಸಿಗುವುದಿಲ್ಲ. ಬಸ್ಸು ಬಿಟ್ಟವರೇ ಅದರ ಕುಂದುಗಳನ್ನು ಚೆನ್ನಾಗಿ ಬಲ್ಲವರು. ಅವರ ಮನೆಗೆ ಹೋಗಿ ಕೇಳಿಸಿ.

ಬಸ್ಸುಗಳಲ್ಲಿ ಜಿಪಿಎಸ್ ಇದ್ದರೆ ಕಾದ ನಿಮಿಷಗಳ ಲೆಕ್ಕ ಅದರಿಂದಲೇ ಸಿಗುತ್ತದೆ. ಪ್ರತಿ ಮಾರ್ಗಕ್ಕೂ, ಬೆಳಗಿನ ದಟ್ಟಣೆಗೂ ರಾತ್ರಿಯ ಕೊನೆಯ ಬಸ್ಸಿಗೂ ಬೇರೆಬೇರೆಯಾಗಿ, ತಿಂಗಳಿಗೊಮ್ಮೆ ಅದನ್ನು ನಿಲ್ದಾಣದಲ್ಲೇ ತೂಗುಹಾಕಿಸಿ. ಸುಳ್ಳಿದ್ದರೆ ಅಲ್ಲಿ ನಿಂತವರೇ ಹೇಳುತ್ತಾರೆ.

ಇಂತಿ,
ದಿನನಿತ್ಯದ ಒಬ್ಬ ಪ್ರಯಾಣಿಕೆ