ಮಂತ್ರಿಯಾಗದೆ 46 ವರ್ಷ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನಿನ್ನ ಪತ್ರದಲ್ಲಿದ್ದ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತಿದೆ. "ಎಂದೂ ಸರ್ಕಾರ ರಚಿಸಲಾರದ ಪಕ್ಷದವನು ಸದನದಲ್ಲಿ ಕುಳಿತು ಮಾಡುವುದಾದರೂ ಏನು? ಮಾತನಾಡುತ್ತಾನೆ, ಮತಕ್ಕೆ ಹಾಕಿದಾಗ ಸೋಲುತ್ತಾನೆ, ಭತ್ಯೆ ಎಣಿಸಿಕೊಂಡು ಊರಿಗೆ ಹೋಗುತ್ತಾನೆ" ಎಂದು ಬರೆದಿದ್ದೀಯೆ. ಬೇಸರದಿಂದ ಬರೆದ ಮಾತು ಎಂಬುದು ಗೊತ್ತು. ಆದರೂ ಒಪ್ಪುವುದಕ್ಕೆ ನನ್ನಿಂದ ಆಗುವುದಿಲ್ಲ. ಆಗದಿರುವುದಕ್ಕೆ ಕಾರಣ ಆಗಸ್ಟ್ ಬೇಬೆಲ್.

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ಕಟ್ಟಿದವರಲ್ಲಿ ಒಬ್ಬ ಎಂದು ನಿನಗೆ ಅವನ ಹೆಸರು ಗೊತ್ತಿರುತ್ತದೆ. ನಾನು ಹೇಳಹೊರಟಿರುವುದು ಅವನ ಸಿದ್ಧಾಂತವನ್ನಲ್ಲ, ಸದನದ ಬದುಕನ್ನು. 1867ರಲ್ಲಿ, 27 ತುಂಬುವ ಹೊತ್ತಿಗೆ, ಅವನು ಉತ್ತರ ಜರ್ಮನ್ ಒಕ್ಕೂಟದ ರೈಖ್‌ಸ್ಟಾಗ್‌ಗೆ, ಅಂದರೆ ಸಂಸತ್ತಿಗೆ, ಆಯ್ಕೆಯಾದ. 1913ರ ಆಗಸ್ಟ್ 13ರಂದು ಸ್ವಿಟ್ಜರ್ಲೆಂಡಿನ ಪಾಸುಗ್ ಎಂಬಲ್ಲಿ ಸಾಯುವಾಗಲೂ ಅವನು ಸಂಸತ್ ಸದಸ್ಯನೇ. ನಡುವೆ 1881ರಿಂದ 1883ರವರೆಗಿನ ಎರಡು ವರ್ಷ ಮಾತ್ರ ಬಿಡುವು. ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅವನು ಮಂತ್ರಿಯಾಗಲಿಲ್ಲ. ಆಗುವ ದಾರಿಯೇ ಇರಲಿಲ್ಲ. ಸರ್ಕಾರದ ಮುಖ್ಯಸ್ಥನಾದ ಚಾನ್ಸಲರನನ್ನು ನೇಮಿಸುವವನೂ ತೆಗೆಯುವವನೂ ಚಕ್ರವರ್ತಿ, ಸಂಸತ್ತಿಗೆ ಆ ಅಧಿಕಾರವಿರಲಿಲ್ಲ. ಇನ್ನು ಭತ್ಯೆಯ ಮಾತು: ಸಾಮ್ರಾಜ್ಯದ ಸಂವಿಧಾನದ 32ನೆಯ ವಿಧಿ ಸದಸ್ಯರಿಗೆ ಸಂಬಳ ಕೊಡಕೂಡದು ಎನ್ನುತ್ತಿತ್ತು. ಬಡವರು ಸದನಕ್ಕೆ ಬರಬಾರದೆಂಬುದೇ ಚಾನ್ಸಲರ್ ಬಿಸ್ಮಾರ್ಕನ ಎಣಿಕೆ. 1906ರವರೆಗೂ ಅದು ಹಾಗೆಯೇ ನಡೆಯಿತು.

ಬೇಬೆಲ್ ಬಡವರವನೇ. 1840ರಲ್ಲಿ ಕಲೋನ್ ಎದುರಿನ ಡಾಯ್ಟ್ಸ್‌ನ ಸೈನಿಕ ವಸತಿಯೊಂದರಲ್ಲಿ ಹುಟ್ಟಿದ. ಅಪ್ಪ ಪ್ರಷ್ಯಾ ಸೇನೆಯ ಕೆಳದರ್ಜೆಯವನು, ಬೇಗ ತೀರಿಕೊಂಡ. ಅಪ್ಪನ ಅವಳಿ ತಮ್ಮನನ್ನೇ ಅಮ್ಮ ಮದುವೆಯಾದಳು. ಜೈಲಿನ ಕಾವಲುಗಾರನಾಗಿದ್ದ ಅವನೂ ಉಳಿಯಲಿಲ್ಲ. ಹದಿಮೂರರ ವಯಸ್ಸಿಗೆ ಅಮ್ಮನೂ ಕ್ಷಯದಿಂದ ಹೋದಳು. ಹುಡುಗ ಮರ ಕಡೆಯುವ ಕೆಲಸ ಕಲಿತ, ಊರೂರು ಅಲೆದ, 1860ರಲ್ಲಿ ಲೈಪ್‌ಜಿಗ್‌ಗೆ ಬಂದು ನೆಲೆಸಿದ. ಆಮೇಲೆ ಸ್ವಂತ ಕಾರ್ಯಾಗಾರದಲ್ಲಿ ಎಮ್ಮೆಕೊಂಬಿನಿಂದ ಬಾಗಿಲು, ಕಿಟಕಿಗಳ ಹಿಡಿಕೆ ಮಾಡಿ ಮಾರುತ್ತಿದ್ದ. ಸಂಸತ್ತಿನ ಖರ್ಚು ಹುಟ್ಟುತ್ತಿದ್ದದ್ದು ಆ ಹಿಡಿಕೆಗಳಿಂದ. ಅವನು ಜೈಲಿನಲ್ಲಿದ್ದಾಗ ಆ ವ್ಯವಹಾರವನ್ನೂ ಪಕ್ಷದ ಪತ್ರವ್ಯವಹಾರವನ್ನೂ ಸಂಭಾಳಿಸಿದವಳು ಹೆಂಡತಿ ಯೂಲಿ. ಆ ಹೆಣ್ಣುಮಗಳಿಗೆ ಮತ ಹಾಕುವ ಹಕ್ಕು ಕೊನೆಯವರೆಗೂ ಸಿಗಲಿಲ್ಲ, 1910ರಲ್ಲಿ ತೀರಿಕೊಂಡಳು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು 1895ರಲ್ಲಿ ಬೇಬೆಲ್ ಮತ್ತು ಅವನ ಪಕ್ಷ ಸದನದ ಮುಂದೆ ತಂದ ಪ್ರಸ್ತಾವದ ಬಗ್ಗೆ ಓದುವಾಗಲೆಲ್ಲ ನನಗೆ ಯೂಲಿ ನೆನಪಾಗುತ್ತಾಳೆ.

ಫ್ರಾನ್ಸಿನೊಡನೆ ಯುದ್ಧ ನಡೆದ ದಿನಗಳಿಗೆ ಬರೋಣ. 1870ರ ಜುಲೈನಲ್ಲಿ ಯುದ್ಧದ ಸಾಲಕ್ಕೆ ಸದನ ಒಪ್ಪಿಗೆ ಕೊಡುವಾಗ ಬೇಬೆಲ್ ಮತ್ತು ಅವನ ಹಿರಿಯ ಗೆಳೆಯ ವಿಲ್ಹೆಲ್ಮ್ ಲೀಬ್‌ಕ್ನೆಖ್ಟ್ ಮತ ಹಾಕದೆ ಕುಳಿತರು. ಸೆಡಾನ್‌ನಲ್ಲಿ ಫ್ರಾನ್ಸಿನ ಚಕ್ರವರ್ತಿ ಸೆರೆಸಿಕ್ಕ ಮೇಲೆ, ಇನ್ನು ಇದು ರಕ್ಷಣೆಯ ಯುದ್ಧವಲ್ಲ, ನೆಲ ನುಂಗುವ ಯುದ್ಧ ಎಂದು ಹೇಳಿ ನವೆಂಬರಿನಲ್ಲಿ ವಿರುದ್ಧವಾಗಿಯೇ ಮತ ಹಾಕಿದರು. ಅಲ್ಸಾಸ್ ಮತ್ತು ಲೊರೇನ್ ಪ್ರಾಂತ್ಯಗಳನ್ನು ಕಿತ್ತುಕೊಳ್ಳಬೇಡಿ ಎಂದರು. ಡಿಸೆಂಬರಿನಲ್ಲಿ ಇಬ್ಬರೂ ಜೈಲಿಗೆ ಹೋದರು. ಗೆಲುವಿನ ಅಮಲಿನಲ್ಲಿದ್ದ ಇಡೀ ದೇಶದ ಎದುರು ಎದ್ದುನಿಂತು ಬೇಡ ಎನ್ನುವುದು ಎಂಥ ಕೆಲಸವೆಂದು ಒಂದು ಕ್ಷಣ ಯೋಚಿಸು. ಬಿಡುಗಡೆಯಾಗಿ ಬಂದವನೇ 1871ರ ಮೇ 25ರಂದು ಮತ್ತೆ ಎದ್ದ. ಅದೇ ಹೊತ್ತಿನಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಕಮ್ಯೂನಿನವರನ್ನು, ಅಂದರೆ ದಂಗೆಯೆದ್ದು ನಗರದ ಆಡಳಿತ ಹಿಡಿದಿದ್ದವರನ್ನು, ಸಾಲಾಗಿ ನಿಲ್ಲಿಸಿ ಗುಂಡಿಕ್ಕುತ್ತಿದ್ದರು. ಪ್ಯಾರಿಸ್ಸಿನದು ಬರಿಯ ಮುಂಚೂಣಿಯ ಚಕಮಕಿ, ಯೂರೋಪಿನ ನಿಜವಾದ ಹೋರಾಟ ಇನ್ನೂ ಮುಂದಿದೆ ಎಂದು ಅವನು ಹೇಳಿದ. ಸಮಾಜವಾದಿಗಳಿಂದ ಬರುವ ಅಪಾಯ ತನಗೆ ಹೊಳೆದದ್ದು ಆ ಭಾಷಣದಿಂದ ಎಂದು ಏಳು ವರ್ಷಗಳ ಬಳಿಕ ಬಿಸ್ಮಾರ್ಕನೇ ಸದನದಲ್ಲಿ ಹೇಳಿಕೊಂಡ.

1872ರಲ್ಲಿ ಲೈಪ್‌ಜಿಗ್‌ನಲ್ಲಿ ರಾಜದ್ರೋಹದ ವಿಚಾರಣೆ ನಡೆಯಿತು. ಎರಡು ವರ್ಷ ಕೋಟೆಯ ಸೆರೆವಾಸ. ಚಕ್ರವರ್ತಿಯನ್ನು ನಿಂದಿಸಿದ ಆರೋಪಕ್ಕೆ ಮತ್ತೆ ಒಂಬತ್ತು ತಿಂಗಳು. ಈ ಎರಡನೆಯ ತೀರ್ಪಿನ ಜೊತೆಗೆ ಸದಸ್ಯತ್ವವನ್ನೂ ಕಿತ್ತುಕೊಂಡರು. 1873ರ ಜನವರಿಯಲ್ಲಿ ಉಪಚುನಾವಣೆ ಬಂತು, ಅಭ್ಯರ್ಥಿ ಸೆರೆಮನೆಯಲ್ಲಿದ್ದ. ಗ್ಲೌಖೌ ಮತ್ತು ಮೀರಾನೆಯ ಮತದಾರರು ಅವನನ್ನು ಮೊದಲಿಗಿಂತ ಹೆಚ್ಚಿನ ಅಂತರದಿಂದ ಗೆಲ್ಲಿಸಿದರು. ನೇಯ್ಗೆಯನ್ನೇ ನಂಬಿ ಬದುಕುತ್ತಿದ್ದ ಊರುಗಳವು.

1878ರಲ್ಲಿ ಚಕ್ರವರ್ತಿಯ ಮೇಲೆ ಎರಡು ಸಲ ಗುಂಡು ಹಾರಿತು. ಅದನ್ನೇ ನೆಪ ಮಾಡಿಕೊಂಡ ಬಿಸ್ಮಾರ್ಕ್ ಅಕ್ಟೋಬರಿನಲ್ಲಿ ಸಮಾಜವಾದಿಗಳ ವಿರುದ್ಧ ಕಾಯ್ದೆ ತಂದ. 221 ಮತ ಪರವಾಗಿ, 149 ವಿರುದ್ಧವಾಗಿ. ಪಕ್ಷ, ಸಂಘ, ಪತ್ರಿಕೆ, ಸಭೆ ಎಲ್ಲವೂ ನಿಷಿದ್ಧ. ಸುಮಾರು 900 ಜನರನ್ನು ಊರಿನಿಂದ ಹೊರಹಾಕಿದರು. 1881ರಲ್ಲಿ ಬೇಬೆಲ್‌ನನ್ನೂ ಲೈಪ್‌ಜಿಗ್‌ನಿಂದ ಓಡಿಸಿದರು. ಹೆಂಡತಿ ಮಗಳು ಊರೊಳಗೆ, ಅವನು ಹತ್ತಿರದ ಬೋರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಸಂಸತ್ ಚುನಾವಣೆಯಲ್ಲಿ ಸೋತದ್ದೂ ಅದೇ ವರ್ಷ. ಹಿಡಿಕೆ ಮಾರುವ ವ್ಯಾಪಾರಿಯಾಗಿ ಊರೂರು ತಿರುಗುತ್ತ, ಅದೇ ಪ್ರಯಾಣಗಳಲ್ಲಿ ಚದುರಿಹೋಗಿದ್ದ ಪಕ್ಷದವರನ್ನು ಭೇಟಿಯಾಗುತ್ತಿದ್ದ. 1883ರಲ್ಲಿ ಹ್ಯಾಂಬರ್ಗ್ ಅವನನ್ನು ಮತ್ತೆ ಸದನಕ್ಕೆ ಕಳುಹಿಸಿತು.

ಶ್ರೀಧರ, ಇಲ್ಲಿ ನೀನು ಸ್ವಲ್ಪ ನಿಧಾನವಾಗಿ ಓದಬೇಕು. ಆ ಕಾಯ್ದೆ ಪಕ್ಷವನ್ನು ನಿಷೇಧಿಸಿತೇ ಹೊರತು ವ್ಯಕ್ತಿಗಳು ಚುನಾವಣೆಗೆ ನಿಲ್ಲುವುದನ್ನು ತಡೆಯಲಿಲ್ಲ. 25 ದಾಟಿದ ಗಂಡಸರಿಗೆಲ್ಲ ಗುಪ್ತ ಮತದಾನದ ಹಕ್ಕಿತ್ತು. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಂವಿಧಾನದ 22ನೆಯ ವಿಧಿಯಂತೆ ಬಹಿರಂಗ ಕಲಾಪದ ಯಥಾವತ್ತಾದ ವರದಿಗೆ ಯಾರನ್ನೂ ಹೊಣೆ ಮಾಡುವಂತಿರಲಿಲ್ಲ. ಬೀದಿಯಲ್ಲಿ ಆಡಿದರೆ ಪೊಲೀಸರು ಸಭೆ ಚದುರಿಸುವ, ಪತ್ರಿಕೆಯಲ್ಲಿ ಬರೆದರೆ ಸಂಚಿಕೆ ಮುಟ್ಟುಗೋಲಾಗುವ ಮಾತು ರೈಖ್‌ಸ್ಟಾಗ್‌ನಲ್ಲಿ ಹೇಳಿದರೆ ಶೀಘ್ರಲಿಪಿಕಾರರ ಕೈಯಿಂದ ಕಡತಕ್ಕೆ ಹೋಗುತ್ತಿತ್ತು, ಅಲ್ಲಿಂದ ಪತ್ರಿಕೆಗಳಿಗೆ. ಬೇಬೆಲ್ ಇದನ್ನು ಚೆನ್ನಾಗಿ ಅರಿತಿದ್ದ. ಅವನು ಸದನದಲ್ಲಿ ನಿಂತು ಮಾತನಾಡುತ್ತಿದ್ದದ್ದು ಎದುರಿಗೆ ಕುಳಿತ ಜಮೀನ್ದಾರರನ್ನು ಒಲಿಸುವುದಕ್ಕಲ್ಲ, ಹೊರಗೆ ಓದುವವರಿಗಾಗಿ. ಮತಕ್ಕೆ ಹಾಕಿದಾಗ ಸೋಲುವುದು ಮೊದಲೇ ನಿಶ್ಚಯವಾಗಿತ್ತು. ನೀನು ಲೆಕ್ಕ ಹಾಕುತ್ತಿರುವುದು ಆ ಸೋಲನ್ನು. ಅವನು ಲೆಕ್ಕ ಹಾಕುತ್ತಿದ್ದದ್ದು ಕಡತಕ್ಕೆ ಸೇರಿದ ಮಾತನ್ನು.

ಹನ್ನೆರಡು ವರ್ಷ ಕಾಯ್ದೆ ಜಾರಿಯಲ್ಲಿತ್ತು. ಅದರ ನಡುವೆಯೇ, 1886ರಲ್ಲಿ ಫ್ರೈಬರ್ಗ್‌ನ ಮೊಕದ್ದಮೆಯಲ್ಲಿ ಅವನಿಗೆ ಮತ್ತೆ ಒಂಬತ್ತು ತಿಂಗಳ ಸಜೆಯಾಯಿತು. 1878ರಲ್ಲಿ ಒಂಬತ್ತೇ ಸ್ಥಾನ ಹೊಂದಿದ್ದ ಪಕ್ಷ, ನಿಷೇಧ ಇನ್ನೂ ಜಾರಿಯಲ್ಲಿದ್ದಾಗಲೇ, 1890ರ ಫೆಬ್ರವರಿಯಲ್ಲಿ 14 ಲಕ್ಷಕ್ಕೂ ಹೆಚ್ಚು ಮತ ಪಡೆದು 35 ಸ್ಥಾನ ಗೆದ್ದಿತು. ಕಾಯ್ದೆಯನ್ನು ಮುಂದುವರಿಸಲು ಸದನ ಅದಕ್ಕೂ ಮುಂಚೆ, ಜನವರಿಯಲ್ಲೇ, ಒಪ್ಪಿರಲಿಲ್ಲ. ಮಾರ್ಚಿನಲ್ಲಿ ಬಿಸ್ಮಾರ್ಕ್ ಹುದ್ದೆ ಬಿಟ್ಟ. ಮರ ಕಡೆಯುವವನು ತನ್ನ ಸ್ಥಾನದಲ್ಲೇ ಇದ್ದ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಇದಾದ ಮೇಲಿನ ವರ್ಷಗಳು. ಯಾರ ಪರವಾಗಿ ಮಾತನಾಡಿದರೆ ಒಂದು ಮತವೂ ಬರುವುದಿಲ್ಲವೋ ಅವರ ಪರವಾಗಿ ಅವನು ಮಾತನಾಡಿದ. ಬ್ಯಾರಕ್ಕುಗಳಲ್ಲಿ ಮೇಲಿನವರ ಹೊಡೆತ ತಿನ್ನುವ ಸೈನಿಕರ ದೂರುಗಳನ್ನು ವರ್ಷ ವರ್ಷವೂ ಸದನಕ್ಕೆ ತಂದ. 1894ರಲ್ಲಿ ಕ್ಯಾಮರೂನಿನ ಜರ್ಮನ್ ಆಡಳಿತದಲ್ಲಿ ಆಫ್ರಿಕನ್ನರಿಗೆ ಹೊಡೆಯಲು ಬಳಸುತ್ತಿದ್ದ ನೀರಾನೆ ಚರ್ಮದ ಚಾವಟಿಗಳನ್ನು ತಂದು ಸದಸ್ಯರಿಗೆ ತೋರಿಸಿದ. 1896ರ ಮಾರ್ಚಿನಲ್ಲಿ ಪೂರ್ವ ಆಫ್ರಿಕದ ವಸಾಹತಿನ ಅಧಿಕಾರಿ ಕಾರ್ಲ್ ಪೀಟರ್ಸ್‌ನ ಹೆಸರು ಹಿಡಿದು ಮಾತನಾಡಿದ. ಜರ್ಮನಿಯಲ್ಲಿ ವೀರನೆಂದು ಮೆರೆಸಿಕೊಂಡಿದ್ದ ಆ ಮನುಷ್ಯ ಕಿಲಿಮಂಜಾರೋ ಸೀಮೆಯಲ್ಲಿ ಮಬ್ರುಕ್ ಎಂಬ ಆಳನ್ನೂ ಯಗೋಡ್ಯಾ ಎಂಬ ಹುಡುಗಿಯನ್ನೂ ನೇಣಿಗೇರಿಸಿದ್ದ. ಬೇಬೆಲ್ ಪುರಾವೆಯಾಗಿ ಉಲ್ಲೇಖಿಸಿದ ಪತ್ರವೊಂದು ನಿಜವೆಂದು ಸಾಬೀತಾಗಲಿಲ್ಲ. ವಿರೋಧಿಗಳು ಅದನ್ನೇ ಹಿಡಿದುಕೊಂಡು ಬಹುಕಾಲ ಅವನನ್ನು ಹಣಿದರು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಕೊಲೆಗಳು ಸುಳ್ಳಾಗಲಿಲ್ಲ, ಮರುವರ್ಷ ಪೀಟರ್ಸ್ ಕೆಲಸ ಕಳೆದುಕೊಂಡ. ಆ ಇಬ್ಬರ ಹೆಸರು ಬರ್ಲಿನ್ನಿನ ಸದನದಲ್ಲಿ ಚರ್ಚೆಯ ವಿಷಯವಾಯಿತಲ್ಲ, ಅದಕ್ಕಾಗಿಯೇ ನಾನು ಬೇಬೆಲ್‌ನಿಗೆ ತಲೆಬಾಗುತ್ತೇನೆ. 1898ರ ಜನವರಿಯಲ್ಲಿ, ಗಂಡಸರ ನಡುವಿನ ಸಲಿಂಗ ಸಂಬಂಧವನ್ನು ಅಪರಾಧವೆಂದ ದಂಡಸಂಹಿತೆಯ 175ನೆಯ ಕಲಮನ್ನು ತೆಗೆಯಬೇಕೆಂದೂ ಅದೇ ಸದನದಲ್ಲಿ ಕೇಳಿದ.

ಇದಕ್ಕೆ ಬೆಲೆ ತೆರಬೇಕಾಯಿತು. ನೈಋತ್ಯ ಆಫ್ರಿಕದಲ್ಲಿ ಹೆರೆರೋ ಮತ್ತು ನಾಮಾ ಜನರ ಮೇಲೆ ನಡೆದ ಯುದ್ಧಕ್ಕೆ ಇನ್ನಷ್ಟು ಹಣ ಕೊಡಲು 1906ರ ಡಿಸೆಂಬರಿನಲ್ಲಿ ಸದನ ಒಪ್ಪದಿದ್ದಾಗ ಸರ್ಕಾರ ಸದನವನ್ನೇ ವಿಸರ್ಜಿಸಿತು, ದೇಶಾಭಿಮಾನದ ಕಹಳೆ ಊದಿ 1907ರ ಜನವರಿಯಲ್ಲಿ ಚುನಾವಣೆಗೆ ಹೋಯಿತು. 81 ಸ್ಥಾನವಿದ್ದ ಪಕ್ಷ 43ಕ್ಕೆ ಕುಸಿಯಿತು. ಅಚ್ಚರಿಯೆಂದರೆ ಪಕ್ಷದ ಮತಗಳು ಆ ಸಲವೂ ಹೆಚ್ಚೇ ಆಗಿದ್ದವು. ಕ್ಷೇತ್ರಗಳ ಗಡಿ ಸಾಮ್ರಾಜ್ಯದ ಆರಂಭದಿಂದ ಹಾಗೆಯೇ ಇತ್ತು. ಕಾರ್ಮಿಕರು ತುಂಬಿಹೋದ ನಗರಗಳಿಗೂ ಜನ ಖಾಲಿಯಾದ ಹಳ್ಳಿನಾಡಿಗೂ ಒಂದೇ ಅಳತೆ. ಯಾರಿಗೂ ಬಹುಮತ ಬರದೆ ಎರಡನೆಯ ಸುತ್ತು ನಡೆದರೆ ಉಳಿದ ಪಕ್ಷದವರೆಲ್ಲ ಇವರ ವಿರುದ್ಧ ಒಂದಾಗುತ್ತಿದ್ದರು. ಅದೇ 1907ರ ಆಗಸ್ಟ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಮಾಜವಾದಿಗಳ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಮೇಡಂ ಕಾಮಾ ಭಾರತದ ಧ್ವಜ ಬಿಚ್ಚಿ ಹಿಡಿದದ್ದು ಅಲ್ಲಿಯೇ ಎಂಬುದನ್ನು ನಾವಿಬ್ಬರೂ ಶಾಲೆಯಲ್ಲಿ ಓದಿದ್ದೇವೆ. ಆ ಸಮ್ಮೇಳನದ ಹಿರಿಯರಲ್ಲಿ ಬೇಬೆಲ್ ಒಬ್ಬ.

1912ರಲ್ಲಿ ಪಕ್ಷ 110 ಸ್ಥಾನ ಗೆದ್ದು ಸದನದಲ್ಲೇ ದೊಡ್ಡದಾಯಿತು. ಮೂವರು ಮತದಾರರಲ್ಲಿ ಒಬ್ಬನಿಗಿಂತ ಹೆಚ್ಚು ಜನ ಅದರ ಕಡೆ. ಒಮ್ಮೆ ಸದಸ್ಯತ್ವ ಕಿತ್ತುಕೊಂಡು ಸೆರೆಗೆ ತಳ್ಳಿದ ಮನುಷ್ಯ ಸದನದ ಅಧ್ಯಕ್ಷ ಸ್ಥಾನಕ್ಕೆ 175 ಮತ ಪಡೆದು ಸ್ವಲ್ಪದರಲ್ಲಿ ಸೋತ.

ಅದಕ್ಕೂ ಕೆಲವು ತಿಂಗಳ ಮುಂಚೆ, 1911ರ ನವೆಂಬರ್ 9ರಂದು, ಮೊರಾಕ್ಕೋ ವಿಷಯದಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಎದ್ದ ಬಿಕ್ಕಟ್ಟಿನ ಚರ್ಚೆಯಲ್ಲಿ ಅವನು ಆಡಿದ ಮಾತನ್ನು ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲ ದೇಶಗಳೂ ಹೀಗೆಯೇ ಶಸ್ತ್ರ ಕೂಡಿಡುತ್ತ ಹೋದರೆ ಒಂದು ದಿನ ಯೂರೋಪಿನಲ್ಲಿ ಮಹಾಯುದ್ಧದ ನಗಾರಿ ಬಾರಿಸುತ್ತದೆ. ಒಂದು ಕೋಟಿ ಅರವತ್ತರಿಂದ ಎಂಬತ್ತು ಲಕ್ಷ ಗಂಡಸರು, ಆಯಾ ದೇಶದ ಹೂವಿನಂಥ ಮಕ್ಕಳು, ಅತ್ಯುತ್ತಮ ಕೊಲೆಗಡುಕ ಆಯುಧ ಹಿಡಿದು ಎದುರುಬದುರು ನಿಲ್ಲುತ್ತಾರೆ. ಅದರ ಹಿಂದೆಯೇ ದಿವಾಳಿ, ನಿರುದ್ಯೋಗ, ಹಸಿವು ಬರುತ್ತವೆ ಎಂದ. ಕಡತದಲ್ಲಿ ಆ ಮಾತಿನ ನಡುವೆ ನಗೆ ಎಂದು ದಾಖಲಾಗಿದೆ. ಪ್ರತಿ ಯುದ್ಧದ ನಂತರವೂ ಒಳ್ಳೆಯದೇ ಆಗುತ್ತದೆ ಎಂದು ಬಲಗಡೆಯಿಂದ ಯಾರೋ ಕೂಗಿದ್ದೂ ದಾಖಲಾಗಿದೆ. ಮೂರು ವರ್ಷ ತುಂಬುವುದರೊಳಗೆ ಅವನು ಹೇಳಿದ್ದು ನಡೆದುಹೋಯಿತು.

ಅವನು ಹೇಳಿದ್ದೆಲ್ಲ ಒಂದಕ್ಕೊಂದು ಹೊಂದುತ್ತದೆ ಎಂದಲ್ಲ. ಜಾರ್‌ನ ರಷ್ಯಾ ದಂಡೆತ್ತಿ ಬಂದರೆ ಈ ಮುದಿವಯಸ್ಸಿನಲ್ಲೂ ಕೋವಿ ಹೆಗಲಿಗೇರಿಸುತ್ತೇನೆ ಎಂದು ಅವನೇ ಹೇಳಿದ್ದ. ಇನ್ನೊಂದು ಕಡೆ, ತನ್ನ ದೇಶದ ಯುದ್ಧಕೋರರನ್ನು ತಡೆಯಲು ಬೇರೆ ದಾರಿ ಕಾಣದೆ, 1910ರಿಂದಾಚೆಗೆ ಜ್ಯೂರಿಕ್‌ನಲ್ಲಿದ್ದ ಬ್ರಿಟಿಷ್ ಕಾನ್ಸಲ್ ಹೆನ್ರಿ ಆಂಗ್ಸ್ಟ್‌ನ ಮೂಲಕ ಲಂಡನ್ನಿಗೆ ಗುಟ್ಟಾಗಿ ಎಚ್ಚರಿಕೆ ಕಳುಹಿಸುತ್ತಿದ್ದ: ನೌಕಾಬಲದಲ್ಲಿ ಹಿಂದೆ ಬೀಳಬೇಡಿ ಎಂದು. ಇದು ಹೊರಬಿದ್ದದ್ದು ಅವನು ಸತ್ತು ಎಷ್ಟೋ ದಶಕಗಳಾದ ಮೇಲೆ. ದೇಶದ್ರೋಹ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸದನದಲ್ಲಿ ಕೂಗಿ ಹೇಳಿದರೆ ನಕ್ಕರು, ಇನ್ನೆಲ್ಲಿಗೆ ಹೋಗಬೇಕಿತ್ತು ಆ ಮುದುಕ?

1914ರ ಆಗಸ್ಟ್ 4ರಂದು ಅವನ ಪಕ್ಷವೇ ಯುದ್ಧದ ಸಾಲಕ್ಕೆ ಒಪ್ಪಿ ಮತ ಹಾಕಿತು. ಒಳಸಭೆಯಲ್ಲಿ ಬೇಡವೆಂದವರು 14 ಜನ. ಅವರಲ್ಲೊಬ್ಬನಾದ ಹ್ಯೂಗೊ ಹಾಸೆಯೇ ಪಕ್ಷದ ಒಪ್ಪಿಗೆಯ ಹೇಳಿಕೆಯನ್ನು ಸದನದಲ್ಲಿ ಓದಬೇಕಾಯಿತು. ಬೇಬೆಲ್ ಬದುಕಿದ್ದರೆ ಏನು ಮಾಡುತ್ತಿದ್ದ ಎಂಬ ವಾದ ಇಂದಿಗೂ ನಡೆದಿದೆ. ಕೋವಿಯ ಮಾತನ್ನು ನೆನೆದರೆ, ಅವನೂ ಕೈ ಎತ್ತುತ್ತಿದ್ದನೇನೋ ಎಂಬ ಭಯ ನನಗಿದೆ. ಡಿಸೆಂಬರ್ 2ರಂದು ಎರಡನೆಯ ಸಾಲ ಮತಕ್ಕೆ ಬಂದಾಗ ಇಡೀ ಸದನದಲ್ಲಿ ವಿರುದ್ಧ ಮತ ಹಾಕಿದವನು ಒಬ್ಬನೇ, ಕಾರ್ಲ್ ಲೀಬ್‌ಕ್ನೆಖ್ಟ್. 1870ರಲ್ಲಿ ಬೇಬೆಲ್‌ನ ಪಕ್ಕದಲ್ಲಿ ಕುಳಿತಿದ್ದ ವಿಲ್ಹೆಲ್ಮ್‌ನ ಮಗ.

ರೈಖ್‌ಸ್ಟಾಗ್‌ನ ಕಲಾಪಗಳೆಲ್ಲ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಬವೇರಿಯಾದ ರಾಜ್ಯ ಗ್ರಂಥಾಲಯದವರು ಪುಟ ಪುಟವನ್ನೂ ಹಾಕಿದ್ದಾರೆ. ನಿನ್ನ ಜರ್ಮನ್ ನನ್ನದಕ್ಕಿಂತ ಎಷ್ಟೋ ಮೇಲು. 1911ರ ಆ ಭಾಷಣವನ್ನು, ನಡುವಿನ ನಗೆ ಮತ್ತು ಕೂಗನ್ನೂ ಬಿಡದೆ, ಕನ್ನಡಕ್ಕೆ ತಂದುಕೊಡುತ್ತೀಯಾ? ಮೊದಲ ಕರಡನ್ನು ನನಗೇ ಕಳುಹಿಸು.

ನಿನ್ನ ಗೆಳೆಯ