ನಾಲ್ಕು ಮಂದಿಗೆ ಒಂದು ಸೇರು ಬ್ಯಾಳಿ

ವಿದ್ಯಾನಗರ, ಹುಬ್ಬಳ್ಳಿ

ದೋಸ್ತಾ,

ಯುಗಾದಿಗೆ ಹೋಳಿಗೆ ನಾನೇ ಮಾಡಿದೆ ಅಂದಾಗ ಫೋನಿನಲ್ಲಿ ಎಷ್ಟು ನಕ್ಕೆ ನೀನು! ಆಮೇಲೆ ದನಿ ಇಳಿಸಿ, "ದೀಪಾವಳಿಗೆ ನಮ್ಮನ್ಯಾಗ ನಾನ ಮಾಡಬೇಕಾಗೈತಿ, ಅಳತಿ ಎಲ್ಲಾ ಬರದು ಕಳಸು" ಅಂದೆ. ಕಳಿಸುತ್ತೇನೆ. ಆದರೆ ಮೊದಲು ಪುರಾಣ, ಆಮೇಲೆ ಹೂರಣ.

ಅವ್ವ ಗದಗದಲ್ಲಿದ್ದಾಳೆ, ತಂಗಿಯ ಬಾಣಂತನಕ್ಕೆ. ಹಬ್ಬಕ್ಕೆ ಹತ್ತು ದಿನ ಇದೆ ಅನ್ನುವಾಗ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಲ ಮುಂಗೈ ಮುರಿದುಕೊಂಡಳು. 6 ವಾರ ಪ್ಲಾಸ್ಟರ್. ಉಳಿದವರು ಅಪ್ಪ, ಎರಡನೇ ಇಯತ್ತೆ ಓದುವ ಮಗಳು ಮತ್ತು ನಾನು. ಹೊರಗಿನಿಂದ ತರೋಣ ಅಂದೆ. ದುರ್ಗದ ಬೈಲಿಗೆ ಹೋದರೆ ಏನು ಸಿಗುವುದಿಲ್ಲ ಹೇಳು? ಅಪ್ಪ ಪೇಪರಿನಿಂದ ತಲೆ ಎತ್ತದೆ, "ಹಬ್ಬದ ದಿನ ಒಲಿ ಹಚ್ಚಲಿಲ್ಲಂದ್ರ ಅದ್ಯಾತರ ಹಬ್ಬೋ?" ಅಂದರು. ಅಷ್ಟೇ. ನನಗೂ ಯಾಕೋ ಹಟ ಬಂತು.

ನನಗೆ ಒಲೆಯ ಪರಿಚಯವೇ ಇಲ್ಲ ಅಂತಲ್ಲ. ಉಪ್ಪಿಟ್ಟು, ಅನ್ನ, ರೂಮಿನಲ್ಲಿದ್ದಾಗ ಮಾಡುತ್ತಿದ್ದ ಆ ಟೊಮೆಟೊ ಸಾರು. ಅದನ್ನು ತಿಂದೂ ನೀನು ಬದುಕಿದ್ದೀಯ. ಹಬ್ಬದ ಅಡುಗೆಯಲ್ಲಿ ಮಾತ್ರ ಎಲ್ಲಾ ಒಂದಕ್ಕೊಂದು ಗಂಟು ಬಿದ್ದಿರುತ್ತದೆ. ಬ್ಯಾಳಿ ಬೆಂದರೆ ಬಸಿದ ನೀರು, ಅದೇ ಕಟ್ಟು. ಕಟ್ಟು ಬಂದರೆ ಸಾರು. ಬ್ಯಾಳಿ ಹದವಾಗಿದ್ದರೆ ಹೂರಣ, ಹೂರಣ ಗಟ್ಟಿಯಿದ್ದರೆ ಹೋಳಿಗೆ. ಮೊದಲ ಹೆಜ್ಜೆ ತಪ್ಪಿದರೆ ಎಡೆಯವರೆಗೂ ತಪ್ಪೇ.

ನನ್ನ ತಪ್ಪು ಒಲೆಗೂ ಮುಂಚೆ, ಅಂಗಡಿಯಲ್ಲೇ ಶುರುವಾಯಿತು. ಜನತಾ ಬಜಾರಿನಲ್ಲಿ ನಿಂತು ಅವ್ವನಿಗೆ ಫೋನ್ ಮಾಡಿದೆ.

"ಬ್ಯಾಳಿ ಎಷ್ಟು ತಗೊಳ್ಳೇವ್ವಾ?"

"ನಾ ಒಂದು ಸೇರು ಹಾಕ್ತೀನಿ ನೋಡು."

"ಬೆಲ್ಲ?"

"ಬ್ಯಾಳಿಯಷ್ಟ."

"ನೀರು?"

"ಅಂದಾಜಿಲೆ ಹಾಕು ತಮ್ಮಾ, ನೀರಿಗೂ ಅಳತಿ ಕೇಳ್ತಾರೇನು?"

1 ಕಿಲೋ ಕಡ್ಲಿಬ್ಯಾಳಿ, 1 ಕಿಲೋ ಬೆಲ್ಲ, ಹಬ್ಬದ ದಿನ ಕುಡಿಯುವ ಬೇವಿಗೆ ಒಂದು ಸಣ್ಣ ಗಡಿಗೆ, ಬೇವಿನ ಹೂವು, ಪುಟಾಣಿ, ಮಾವಿನಕಾಯಿ ಎಲ್ಲಾ ಹೊತ್ತು ಮನೆಗೆ ಬಂದೆ. ಹೆಂಡತಿ ಚೀಲ ನೋಡಿ, "ಏನ್ರೀ, ಮನ್ಯಾಗ ಮದಿವಿ ಐತೇನು?" ಅಂದಳು.

ಆಗ ಹೊಳೆಯಿತು ನೋಡು. ಅವ್ವನ ಒಂದು ಸೇರು ನಮ್ಮ ಹಳ್ಳಿ ಮನೆಯ ಅಳತೆ. ಕಾಕಾ, ಅತ್ತೆ, ಅವರ ಮಕ್ಕಳು, ಆಳುಮಕ್ಕಳು ಸೇರಿ 20 ಎಲೆ ಬೀಳುತ್ತಿದ್ದ ಕಾಲದ್ದು. ಮನೆ ಪಾಲಾಯಿತು, ನಾವು ಹುಬ್ಬಳ್ಳಿಗೆ ಬಂದೆವು. ಸೇರು ಮಾತ್ರ ಪಾಲಾಗಲಿಲ್ಲ. ಪ್ರತಿ ಹಬ್ಬಕ್ಕೂ ಓಣಿಯ ತುಂಬ ಹೋಳಿಗೆ ಹಂಚುತ್ತಾಳಲ್ಲ, ಅದನ್ನು ದೊಡ್ಡ ಮನಸ್ಸು ಅಂದುಕೊಂಡಿದ್ದೆ. ಇರಬಹುದು. ಆದರೆ ಕಡಿಮೆ ಮಾಡುವುದು ಅವಳಿಗೆ ಬರುವುದೇ ಇಲ್ಲ ಅಂತ ಈಗ ನನಗೆ ಗುಮಾನಿ!

ಸರಿ, ನಾಲ್ಕು ಮಂದಿಗೆ ಕಾಲು ಕಿಲೋ ಅಂತ ನಾನೇ ಭಾಗಿಸಿದೆ. ಎಲ್ಲವನ್ನೂ ನಾಲ್ಕರಿಂದ ಭಾಗಿಸಿದರಾಯಿತು ಅಂದುಕೊಂಡೆ. ಅಲ್ಲೇ ಎಡವಿದ್ದು. ನೀರನ್ನೂ ಭಾಗಿಸಿ ಕುಕ್ಕರಿಗೆ ಹಾಕಿ 4 ಸೀಟಿ ಹೊಡೆಸಿದೆ. ಮುಚ್ಚಳ ತೆಗೆದರೆ ಬ್ಯಾಳಿ ಅಂಬಲಿಯಂತಾಗಿತ್ತು. ಬಸಿಯಲು ಹೋದರೆ ಒಂದು ಹನಿ ಕಟ್ಟಿಲ್ಲ. ಕಟ್ಟಿಲ್ಲದೆ ಕಟ್ಟಿನ ಸಾರು ಎಲ್ಲಿಂದ ಬರಬೇಕು? ಬೆಳಗಿನ 8 ಗಂಟೆಗೇ ನನ್ನ ಹಬ್ಬ ಮುಗಿದ ಹಾಗಿತ್ತು.

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು, ಎಡಗೈಯಲ್ಲಿ ಸವಟು ಹಿಡಿದು. ಬೈಯಲಿಲ್ಲ. "ಇನ್ನೂ ಮುಕ್ಕಾಲು ಕಿಲೋ ಐತಲ್ಲ, ಮತ್ತ ಇಡ್ರಿ" ಅಂದಳು. ಜಾಸ್ತಿ ತಂದಿದ್ದು ಹೀಗೆ ಉಪಯೋಗಕ್ಕೆ ಬಂತು. ಈ ಸಲ ತೆರೆದ ಪಾತ್ರೆ, ಜಾಸ್ತಿ ನೀರು. ಬೆರಳಲ್ಲಿ ಹಿಸುಕಿದರೆ ಬ್ಯಾಳಿ ಪುಡಿಯಾಗಬೇಕು, ಪಾತ್ರೆಯಲ್ಲಿ ಮಾತ್ರ ಕಾಳು ಕಾಳಾಗಿ ಕಾಣಬೇಕು. ಪೂರಾ ಬೇಯುವ ಮೊದಲು ಬೆಲ್ಲ ಹಾಕಬೇಡ. ಹಾಕಿದೆಯೋ, ಆಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗುವುದಿಲ್ಲ.

ಬಸಿದ ಬ್ಯಾಳಿಗೆ ಬೆಲ್ಲ ಹಾಕಿದಾಗ ಇನ್ನೊಂದು ಸಲ ಜೀವ ಹಾರಿತು. ಅಷ್ಟು ಹೊತ್ತು ಗಟ್ಟಿ ಇದ್ದದ್ದು ನೀರು ನೀರಾಯಿತು. ಗಾಬರಿ ಆಗಬೇಡ, ಅದು ಬೆಲ್ಲ ಕರಗಿದ್ದು. ತಿರುವುತ್ತಾ ಇರು. ಸವಟು ನಡುವೆ ನೆಟ್ಟರೆ ಬೀಳದೆ ನಿಲ್ಲಬೇಕು, ಅಲ್ಲಿಗೆ ಇಳಿಸು. ಹೂರಣ ಪೂರ್ತಿ ಆರಿದರೆ ಮಿಕ್ಸರ್ ತಿರುಗುವುದಿಲ್ಲ, ಸುಡು ಸುಡು ಹಾಕಿದರೆ ಮುಚ್ಚಳ ಹಾರುತ್ತದೆ. ಉಗುರುಬೆಚ್ಚಗೆ ಇರುವಾಗ ಹಾಕು. ಮುಚ್ಚಳ ಹಾರುವ ವಿಷಯ ಹೇಗೆ ಗೊತ್ತಾಯಿತು ಅಂತ ಕೇಳಬೇಡ.

ಇನ್ನು ಕಟ್ಟಿನ ಸಾರು. ಕಟ್ಟು, ಹುಣಸೆಹುಳಿ, ಹುರಿದು ಅರೆದ ಒಣಕೊಬ್ಬರಿ, ಒಂದು ಚಮಚ ಹೂರಣ, ಮತ್ತೆ ಅವ್ವ ಕುಟ್ಟಿಸಿಟ್ಟ ಮಸಾಲಿ ಖಾರ. ಡಬ್ಬಿ ತೆಗೆದರೆ ಬೆಂಕಿಯಂಥ ಕೆಂಪು. ಅಂಜಿ ಕಾಲು ಚಮಚ ಹಾಕಿದೆ. ಕುರ್ಚಿಯಿಂದ ನಗು ಬಂತು. "ಬ್ಯಾಡಗಿ ಮೆಣಸಿನಕಾಯ್ರೀ ಅದು. ಬಣ್ಣಷ್ಟ ಜೋರು, ಖಾರ ಇಲ್ಲ. ಹಾಕ್ರಿ ಇನ್ನೂ." ಅವಳು ಹಾವೇರಿ ಕಡೆಯವಳು, ಬ್ಯಾಡಗಿ ಊರು ಇರುವುದೂ ಅಲ್ಲೇ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೆಳೆ ಅನ್ನುವ ಸರಕಾರಿ ಗುರುತು, ಸಿಕ್ಕಿದ್ದನ್ನು ತನ್ನ ತವರಿಗೇ ಬಹುಮಾನ ಬಂದ ಹಾಗೆ ಹೇಳುತ್ತಾಳೆ. ಎರಡು ಚಮಚ ಹಾಕಿದೆ. ಬಣ್ಣ ಬಂತು.

ಆದರೆ ಉಪ್ಪು? ದೇವರಿಗೆ ಎಡೆ ಹಿಡಿಯುವವರೆಗೆ ಬಾಯಿಗೆ ಏನನ್ನೂ ಹಾಕುವ ಹಾಗಿಲ್ಲ. ಇದು ನನಗೆ ಗೊತ್ತಿದ್ದ ಮಾತೇ, ಆದರೆ ಅದರ ಕಷ್ಟ ಒಲೆ ಮುಂದೆ ನಿಂತ ಮೇಲೇ ತಿಳಿದದ್ದು. ಅವ್ವ ಇಷ್ಟು ವರ್ಷ ರುಚಿ ನೋಡದೆ ಇಡೀ ಹಬ್ಬದ ಅಡುಗೆ ಮಾಡಿದ್ದಾಳೆ! ಮತ್ತೆ ಫೋನ್. "ಕುದಿಯೋ ಸಾರಿನ ವಾಸನಿ ನೋಡೋ, ಉಪ್ಪು ಕಡಿಮಿ ಇದ್ರ ಗೊತ್ತಾಗ್ತದ" ಅಂದಳು. ನಾನು ಮೂಗು ಒಡ್ಡಿದೆ. ಕನ್ನಡಕಕ್ಕೆ ಹಬೆ ಹಿಡಿಯಿತು, ಬೇರೆ ಏನೂ ಗೊತ್ತಾಗಲಿಲ್ಲ. ಧೈರ್ಯ ಮಾಡಿ ಒಂದೂವರೆ ಚಮಚ ಹಾಕಿದೆ. ಕೋಸಂಬರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೊಮ್ಮೆ ಹಾಕಿದೆ.

ಹೋಳಿಗೆ ಹೊತ್ತಿಗೆ ಮನೆಯಲ್ಲಿ ಎರಡು ಪಕ್ಷ. ಅವ್ವನದು ಗೋದಿಹಿಟ್ಟಿನ ಕಣಕ, ಹಿಟ್ಟು ಹಚ್ಚಿ ಲಟ್ಟಿಸುವುದು. ಹೆಂಡತಿಯದು ಮೈದಾ ಕಣಕ, ಬಾಳೆ ಎಲೆ ಮೇಲೆ ಎಣ್ಣೆ ಸವರಿ ಕೈಯಲ್ಲಿ ತಟ್ಟುವುದು. ಫೋನ್ ಸ್ಪೀಕರಿನಲ್ಲಿ ಅತ್ತೆ, ಕುರ್ಚಿಯಲ್ಲಿ ಸೊಸೆ, ನಡುವೆ ಹಿಟ್ಟಿನ ಕೈಯ ನಾನು. ಲಟ್ಟಣಿಗೆ ಹಿಡಿದರೆ ಒಬ್ಬರಿಗೆ ಸಿಟ್ಟು, ಬಿಟ್ಟರೆ ಇನ್ನೊಬ್ಬರಿಗೆ. ಕೊನೆಗೆ ಗೋದಿಹಿಟ್ಟು ಅರ್ಧ, ಮೈದಾ ಅರ್ಧ ಮಾಡಿದೆ. ಲಟ್ಟಿಸಿದೆ, ಆದರೆ ಎಣ್ಣೆ ಹಚ್ಚಿ. ಇಬ್ಬರೂ ಒಪ್ಪಲಿಲ್ಲ. ಮೊದಲ ಮೂರು ಹಂಚಿನ ಮೇಲೆ ಬಾಯಿ ಬಿಟ್ಟು ಹೂರಣ ಸೀದು ಹೊಗೆ ಎದ್ದಿತು. ಉರಿ ಸಣ್ಣ ಮಾಡಿದ ಮೇಲೆ ಉಳಿದ 12 ಹೋಳಿಗೆ ಹೋಳಿಗೆಯಾಗಿಯೇ ಇಳಿದವು. ದುಂಡಗಿರಲಿಲ್ಲ, ಬಿಡು.

ಇನ್ನೊಂದು ಲೆಕ್ಕ ನನಗೆ ಬಗೆಹರಿಯಲಿಲ್ಲ. ಅಡುಗೆ ನಾಲ್ಕು ಮಂದಿಗೇ, ಆದರೆ ಪಾತ್ರೆ 20 ಮಂದಿಯಷ್ಟೇ ಬೀಳುತ್ತವೆ. ಒಗ್ಗರಣೆಗೆ ಎಣ್ಣೆ ಅಷ್ಟೇ ಬೇಕು, ಇಲ್ಲದಿದ್ದರೆ ಸಾಸಿವೆ ಮುಳುಗುವುದೇ ಇಲ್ಲ. ಹೊತ್ತೂ ಅಷ್ಟೇ ಹಿಡಿಯುತ್ತದೆ. ಹಳ್ಳಿಯಲ್ಲಿ ಒಬ್ಬರು ಬ್ಯಾಳಿ ಬಸಿದರೆ ಇನ್ನೊಬ್ಬರು ಒರಳಲ್ಲಿ ರುಬ್ಬುತ್ತಿದ್ದರು. ಇಲ್ಲಿ ಎಲ್ಲಕ್ಕೂ ಎರಡೇ ಕೈ. ಅದಕ್ಕೇ ಹೇಳುತ್ತೇನೆ, ಎಣ್ಣೆಗಾಯಿ, ಭಜಿ, ಚಿತ್ರಾನ್ನ ಅಂತ ಪಟ್ಟಿ ಬೆಳೆಸಬೇಡ. ನಾನು ಭಜಿ ಕೈಬಿಟ್ಟೆ, ಸಂಡಿಗೆ ಕರಿದೆ. ಯಾರೂ ಕೇಳಲಿಲ್ಲ.

ಎಡೆ ಹಿಡಿದಾಗ ಮಧ್ಯಾಹ್ನ ಎರಡೂವರೆ. ಅಪ್ಪ ಹೋಳಿಗೆ ಮುರಿದು, ತುಪ್ಪ ಬಿಸಿಹಾಲಲ್ಲಿ ಕಲಸಿ, ಮಾತಿಲ್ಲದೆ ತಿಂದರು. ಕೋಸಂಬರಿಗೆ ಒಮ್ಮೆ ಮುಖ ಸಿಂಡರಿಸಿ ಪಕ್ಕಕ್ಕೆ ಸರಿಸಿದರು. ಸಾರು ಅನ್ನ ಉಣ್ಣುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಸಾರು ಇನ್ನೊಂದೀಟು ಹಾಕು" ಅಂದರು. ಆಮೇಲೆ ಬಟ್ಟಲಿಗೂ ಹಾಕಿಸಿಕೊಂಡು ಕುಡಿದರು. ಮಗಳು ಹೋಳಿಗೆ ಮುಟ್ಟಲೇ ಇಲ್ಲ. ಬೆಳಗ್ಗೆ ಕೆಟ್ಟ ಆ ಕುಕ್ಕರಿನ ಬ್ಯಾಳಿಗೆ ಬೆಲ್ಲ, ಹಾಲು, ಏಲಕ್ಕಿ ಹಾಕಿ ಪಾಯಸ ಅಂತ ಮಾಡಿದ್ದೆ. "ಪಪ್ಪಾ, ಇದನ್ನ ದಿನಾ ಮಾಡು" ಅಂತ ಎರಡು ಸಲ ಕೇಳಿ ಹಾಕಿಸಿಕೊಂಡಳು.

ಈಗ ಅಳತೆ, ನಾಲ್ಕು ಮಂದಿಗೆ. ಕಡ್ಲಿಬ್ಯಾಳಿ 250 ಗ್ರಾಂ, ಒಂದು ತಾಸು ನೆನೆಸು. ನೀರು ಒಂದೂಕಾಲು ಲೀಟರ್, ಕುದಿಯುವಾಗ ಕಡಿಮೆ ಅನಿಸಿದರೆ ಬಿಸಿನೀರು ಸೇರಿಸು. ಬೆಲ್ಲವೂ 250 ಗ್ರಾಂ. ಕಣಕಕ್ಕೆ ಹಿಟ್ಟು 200 ಗ್ರಾಂ, ಚಿಟಿಕೆ ಅರಿಶಿನ, ಉಪ್ಪು. ಚಪಾತಿ ಹಿಟ್ಟಿಗಿಂತ ಮೆತ್ತಗೆ ನಾದಿ, ಮೇಲೆ ಎಣ್ಣೆ ಸುರಿದು ಎರಡು ತಾಸು ಬಿಡು. ಹೂರಣದ ಉಂಡೆ ನಿಂಬೆಹಣ್ಣಿನಷ್ಟಿದ್ದರೆ ಕಣಕ ಅದರ ಅರ್ಧ. 15 ಹೋಳಿಗೆ ಆಗುತ್ತವೆ. ಸಾರಿನ ಉಪ್ಪು ಒಂದೂವರೆ ಚಮಚ, ನಮ್ಮ ಮನೆಯ ಸಣ್ಣ ಚಮಚ. ನಿಮ್ಮ ಮನೆಯ ಚಮಚ ನಾನು ನೋಡಿಲ್ಲ.

ಸಾರು ಸ್ವಲ್ಪ ಉಳಿಸು, ಮರುದಿನ ಕುದಿಸಿ ಉಂಡು ನೋಡು, ಇನ್ನೂ ಚಲೋ ಇರುತ್ತದೆ.

ಮುಂದಿನ ವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಖರೇ ಎಣ್ಣೆ ಹೋಳಿಗೆ ಅಂದ್ರೇನು ಅಂತ ತೋರಿಸ್ತೀನಿ ಅಂತ ಅವಳ ಶಪಥ. ಅವ್ವನೂ ಅಷ್ಟೊತ್ತಿಗೆ ಗದಗದಿಂದ ಬಂದರೆ ದೊಡ್ಡ ಜಗಳ. ಡಬ್ಬಿಯಲ್ಲಿ ಇನ್ನೂ ಅರ್ಧ ಕಿಲೋ ಬ್ಯಾಳಿ ಇದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾ. ಬರುವ ಮೊದಲು ಒಂದು ಫೋನ್ ಮಾಡು, ನೆನೆಹಾಕಬೇಕಲ್ಲ.

ನಿನ್ನ ದೋಸ್ತ